ಕ್ಲೆಪೊನ್ ಪೆಟ್ಟಿಗೆಯ ಮುಚ್ಚಳ

೨೦೧೯ರ ಜುಲೈ ೨೮, ಭಾನುವಾರ, ಸಂಜೆ ಐದು ಗಂಟೆ ನಲವತ್ತು ನಿಮಿಷ. ವೆನಿಂಗ್ ಇಕ್ಕಳದ ತುದಿಯಲ್ಲಿ ಸತ್ತ ಇಲಿಯೊಂದನ್ನು ಹಿಡಿದು ಪೆಟ್ಟಿಗೆಯ ಮುಂದೆ ಕೂತಿದ್ದಳು. ಕೈ ಸೋಲುತ್ತಿತ್ತು. ಒಳಗೆ ಹಾವು ತನ್ನ ಮೂತಿಯನ್ನು ಸುರುಳಿಯ ನಡುವೆ ಹುದುಗಿಸಿಕೊಂಡಿತ್ತು.

“ತಿನ್ನೋ ಕ್ಲೆಪೊನ್. ಬಿಸಿನೀರಲ್ಲಿಟ್ಟು ಬೆಚ್ಚಗೆ ಮಾಡಿದ್ದೀನಿ ನೋಡು.”

ಕ್ಲೆಪೊನ್ ಅಲುಗಲಿಲ್ಲ. ಅದು ಹೆಬ್ಬಾವಿನ ಒಂದು ಪುಟ್ಟ ಜಾತಿ. ಹೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುತ್ತದೆ. ಹಾಗೆ ಸುತ್ತಿಕೊಂಡಾಗ ಬೆಲ್ಲ ತುಂಬಿದ ಕ್ಲೆಪೊನ್ ಉಂಡೆಯ ಹಾಗಿರುತ್ತದೆ ಎಂದು ಬಾಪಾ, ಅಂದರೆ ಅಪ್ಪ, ಆ ಹೆಸರಿಟ್ಟಿದ್ದರು.

ಆಸ್ಪತ್ರೆಯಿಂದ ಆಗಷ್ಟೇ ಬಂದ ಅಮ್ಮ ನರ್ಸ್ ಯೂನಿಫಾರ್ಮಿನಲ್ಲೇ ಬಾಗಿಲಲ್ಲಿ ನಿಂತರು.

“ಇವತ್ತೂ ಇಲ್ವಾ? ಐದು ವಾರ ದಾಟಿತಲ್ಲೇ! ಮುಂದಿನ ಭಾನುವಾರ ನಿನ್ನ ಬಾಪಾ ಬರ್ತಾರೆ. ಅಷ್ಟರಲ್ಲಿ ತಿನ್ನದಿದ್ರೆ ಅವರ ಜೊತೆ ಸೆಮಾರಂಗ್‌ಗೆ ಕಳಿಸಿಬಿಡೋಣ.”

“ಬೇಡ ಇಬು! ಇಲ್ಲೇ ತಿನ್ನುತ್ತೆ.” ಅಮ್ಮನನ್ನು ಅವಳು ಇಬು ಎಂದೇ ಕರೆಯುತ್ತಿದ್ದಳು.

“ಸೆಮಾರಂಗ್ ಸೆಕೆ ಅದಕ್ಕೆ ಒಗ್ಗಿತ್ತು. ಇಲ್ಲಿ ನಮಗೇ ಹಲ್ಲು ಕಟಕಟ ಅನ್ನುತ್ತೆ. ಹಟ ಮಾಡಿ ಸಾಯಿಸಬೇಡ, ಮಗಳೇ.”

ಅಮ್ಮನಿಗೆ ವರ್ಗವಾಗಿ ಈ ಬೆಟ್ಟದೂರು ವೊನೊಸೊಬೊಗೆ ಬಂದಿದ್ದು ಜೂನ್ ಮೂರನೇ ವಾರದಲ್ಲಿ. ಅಪ್ಪನ ಕೆಲಸ ಸೆಮಾರಂಗ್ ಬಂದರಿನಲ್ಲೇ ಉಳಿಯಿತು. ಗೆಳತಿಯರೂ ಅಲ್ಲೇ ಉಳಿದರು. ಅವಳ ಜೊತೆ ಬಂದದ್ದು ಕ್ಲೆಪೊನ್ ಒಂದೇ.

ಹೊಸ ಶಾಲೆಯಲ್ಲಿ ಹಾವಿನ ಸುದ್ದಿ ಎರಡೇ ದಿನಕ್ಕೆ ಹಬ್ಬಿತ್ತು. “ಏ ಹಾವಾಡಿಗಿತ್ತಿ, ಬ್ಯಾಗಲ್ಲಿ ಏನು ತಂದಿದ್ದೀಯ?” ಎಂದು ಹುಡುಗರು ದೂರ ನಿಂತು ಕೂಗುತ್ತಿದ್ದರು. ಅವಳ ಬೆಂಚಿನಲ್ಲಿ ಇನ್ನೊಂದು ಜಾಗ ಖಾಲಿಯೇ ಇತ್ತು. ಸೋಮವಾರ ಶಾಲೆಯಲ್ಲಿ ತಾನು ಎಷ್ಟು ಮಾತಾಡಿದೆ ಎಂದು ವೆನಿಂಗ್ ಲೆಕ್ಕ ಹಾಕಿದಳು. ಒಂಬತ್ತು ಪದ. ಅದರಲ್ಲಿ ಆರು ಟೀಚರಿಗೆ.

ಉಳಿದ ಮಾತೆಲ್ಲ ಕ್ಲೆಪೊನ್‌ಗೆ. ಮನೆಗೆ ಬಂದು ಶೂ ಬಿಚ್ಚುವ ಮೊದಲೇ ಮುಚ್ಚಳ ತೆಗೆಯುತ್ತಿದ್ದಳು. ಹೋಮ್‌ವರ್ಕ್ ನಡುವೆ ಒಮ್ಮೆ, ಊಟಕ್ಕೆ ಮುಂಚೆ ಒಮ್ಮೆ, ಊಟವಾದ ಮೇಲೆ ಒಮ್ಮೆ. ದಿನವೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ತೂಕ ಇಳಿಯುತ್ತಲೇ ಇತ್ತು.

ಬುಧವಾರ ಸಂಜೆ ಪಕ್ಕದ ಮನೆಯ ಸಾತಿನೆಮ್ ದೊಡ್ಡಮ್ಮ ಸೋಯಾಕಾಳಿನ ಬಿಸಿ ತೆಂಪೆ ಬಜ್ಜಿ ತಂದರು. ಓಣಿಯ ಮಕ್ಕಳಿಗೆಲ್ಲ ಅವರು ‘ಬುದೆ’. ಕೋಳಿಮರಿ ಸಾಕಿ ಮಾರುವುದು ಅವರ ಕೆಲಸ. ಬುದೆ ಹೊಸ್ತಿಲು ದಾಟಲಿಲ್ಲ.

“ಅದು ಒಳಗಿರೋ ತನಕ ನಾನು ಹೊರಗೇ. ಬಜ್ಜಿ ನಿನಗೆ ಕಣೇ, ಅದಕ್ಕಲ್ಲ.”

“ಅದು ಏನೂ ತಿನ್ನಲ್ಲ ಬುದೆ. ಬೆಚ್ಚಗಿರ್ಲಿ ಅಂತ ಬಲ್ಬ್ ಹಾಕಿದ್ದೀನಿ, ಆದ್ರೂ ತಿನ್ನಲ್ಲ.”

ಬುದೆ ಅಲ್ಲಿಂದಲೇ ಕೋಣೆಯ ಕಡೆ ಕತ್ತು ಚಾಚಿ ನೋಡಿದರು. “ಬಲ್ಬೇನೋ ಸರಿ. ಮುಚ್ಚಳ ಯಾಕೆ ತೆಗೆದಿದೆ?”

“ನೋಡೋಕೆ.”

“ದಿನಕ್ಕೆ ಎಷ್ಟು ಸಲ ನೋಡ್ತೀಯ?”

ವೆನಿಂಗ್ ಬೆರಳು ಮಡಚಿದಳು. ಒಂದು ಕೈ ಸಾಲಲಿಲ್ಲ. ಎರಡೂ ಸಾಲಲಿಲ್ಲ. “ಹನ್ನೊಂದು.”

“ಅಯ್ಯೋ! ನನ್ನ ಮರಿಗಳ ಮೇಲಿನ ಗೋಣಿ ಹನ್ನೊಂದು ಸಲ ಎತ್ತಿದ್ರೆ ಸಂಜೆಗೆ ಒಂದೂ ಉಳಿಯಲ್ಲ. ನಾನು ಎತ್ತೋದೇ ಇಲ್ಲ, ಕಿವಿಗೊಟ್ಟು ಕೇಳ್ತೀನಿ. ಕಿಚಿಕಿಚಿ ಜೋರಾದ್ರೆ ಚಳಿ, ಸುಮ್ಮನಿದ್ರೆ ಸುಖ.”

“ನನ್ನ ಹಾವು ಕೂಗಲ್ವಲ್ಲ ಬುದೆ.”

“ಹಾಗಾದ್ರೆ ನಿನ್ನ ಕೆಲಸ ನನ್ನದಕ್ಕಿಂತ ಕಷ್ಟ,” ಎಂದು ನಕ್ಕು ಬುದೆ ಒಂದು ಗೋಣಿಚೀಲ ತಂದುಕೊಟ್ಟರು. “ಮೂರು ಕಡೆ ಸುತ್ತು. ಬಲ್ಬಿಗೆ ತಾಗಬಾರದು, ಹುಷಾರು.”

ವೆನಿಂಗ್ ಥರ್ಮಾಮೀಟರಿನ ವೈರನ್ನು ಪೆಟ್ಟಿಗೆಯೊಳಗೆ ಇಳಿಬಿಟ್ಟು, ಅಂಕಿ ಕಾಣುವ ಭಾಗವನ್ನು ಹೊರಗಿಟ್ಟಳು. ಮುಚ್ಚಿದಾಗ ಮೂವತ್ತೊಂದು ಡಿಗ್ರಿ. ಮುಚ್ಚಳ ತೆಗೆದು ನಿಧಾನವಾಗಿ ಅರವತ್ತರವರೆಗೆ ಎಣಿಸಿದಳು. ಇಪ್ಪತ್ತೈದು. ಮತ್ತೆ ಮೂವತ್ತೊಂದಕ್ಕೆ ಏರಲು ನಲವತ್ತು ನಿಮಿಷ ಬೇಕಾಯಿತು.

ಅವಳು ಆ ನಲವತ್ತನ್ನು ಹನ್ನೊಂದರಿಂದ ಗುಣಿಸಿದಳು. ದಿನಕ್ಕೆ ಏಳು ಗಂಟೆಗೂ ಹೆಚ್ಚು ಚಳಿ. ಪೆನ್ಸಿಲ್ ಕೆಳಗಿಟ್ಟಳು.

ಗುರುವಾರ ಯಾರೋ ಅವಳ ಬ್ಯಾಗಿನಲ್ಲಿ ರಬ್ಬರ್ ಹಾವು ಹಾಕಿದ್ದರು. ಇಡೀ ಕ್ಲಾಸು ನಕ್ಕಿತ್ತು. ಮನೆಗೆ ಓಡಿ ಬಂದು ಮುಚ್ಚಳದ ಮೇಲೆ ಕೈಯಿಟ್ಟಳು. ಮೂವತ್ತೊಂದು. ಕೈ ಹಿಂದಕ್ಕೆ ತೆಗೆದುಕೊಂಡು ಬುದೆಯ ಹಿತ್ತಿಲಿಗೆ ಹೋದಳು.

ಬುದೆ ಬೆನ್ನು ಹಾಕಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ವೆನಿಂಗ್ ಕಟ್ಟೆಯ ಮೇಲೆ ಕೂತು ರಬ್ಬರ್ ಹಾವಿನ ಕತೆ ಶುರುಮಾಡಿದಳು. ಬುದೆ ತಿರುಗಿ ನೋಡಲಿಲ್ಲ. ಅದಕ್ಕೇ ಏನೋ, ಅವಳು ಅತ್ತಿದ್ದನ್ನೂ ಸೇರಿಸಿ ಪೂರ್ತಿ ಹೇಳಿದಳು.

“ಹೂಂ,” ಎಂದರು ಬುದೆ, ಎಲ್ಲ ಮುಗಿದ ಮೇಲೆ. ಅಷ್ಟೇ.

ಶುಕ್ರವಾರವೂ ಮುಚ್ಚಳ ತೆಗೆಯಲಿಲ್ಲ. ಶನಿವಾರ ಸಂಜೆ ಇಲಿಯನ್ನು ಬೆಚ್ಚಗೆ ಮಾಡಿ, ಒಳಗೆ ಹೆಂಚಿನ ಚೂರಿನ ಮೇಲಿಟ್ಟು, ತಕ್ಷಣ ಮುಚ್ಚಿದಳು. ಆ ರಾತ್ರಿ ಅಮ್ಮನ ಕೋಣೆಯಲ್ಲಿ ಮಲಗಿದಳು.

ಭಾನುವಾರ ಬೆಳಿಗ್ಗೆ ಆರಕ್ಕೆ ಮುಚ್ಚಳವನ್ನು ಬೆರಳಗಲ ಎತ್ತಿ ಇಣುಕಿದಳು. ಹೆಂಚಿನ ಮೇಲೆ ಇಲಿ ಇರಲಿಲ್ಲ. ಕ್ಲೆಪೊನ್‌ನ ನಡುಮೈ ಉಬ್ಬಿತ್ತು.

“ಇಬು! ಇಬು, ತಿಂದಿದೆ!”

ಹತ್ತು ಗಂಟೆಗೆ ಅಪ್ಪ ಬಂದರು. ಹೆಲ್ಮೆಟ್ ತೆಗೆಯುತ್ತಲೇ, “ಎಲ್ಲಿ ನನ್ನ ಉಂಡೆ? ಕೊಡು, ಒಂದ್ಸಲ ಎತ್ತಿಕೊಳ್ತೀನಿ” ಎಂದರು.

“ಈಗ ಬೇಡ ಬಾಪಾ. ಎತ್ತಿದ್ರೆ ಕಕ್ಕಿಬಿಡುತ್ತೆ. ಮಂಗಳವಾರದ ತನಕ ಮುಟ್ಟೋ ಹಾಗಿಲ್ಲ.”

“ಮಂಗಳವಾರ ನಾನೆಲ್ಲಿರ್ತೀನಿ ಇಲ್ಲಿ?”

ವೆನಿಂಗ್ ತಲೆ ತಗ್ಗಿಸಿದಳು. ಆದರೂ ಮುಚ್ಚಳ ತೆಗೆಯಲಿಲ್ಲ. ಅಪ್ಪ ಹೆಲ್ಮೆಟ್ ಕೆಳಗಿಟ್ಟು, “ಸರಿ, ನಿನ್ನ ಮಾತೇ ನಡೀಲಿ” ಎಂದರು.

ಮಧ್ಯಾಹ್ನ ಮೂರಕ್ಕೆ ಅಪ್ಪನ ಬೈಕು ಹಾವಿನ ಪೆಟ್ಟಿಗೆಯಿಲ್ಲದೆ ಇಳಿಜಾರಿನಲ್ಲಿ ಹೋಯಿತು. ಸದ್ದು ಪೂರ್ತಿ ಅಡಗುವವರೆಗೂ ವೆನಿಂಗ್ ಗೇಟಿನಲ್ಲಿ ನಿಂತಿದ್ದಳು. ಆಮೇಲೆ ಕೋಣೆಗೆ ಬಂದಳು. ಅವಳ ಓದುವ ಮೇಜು ಪೆಟ್ಟಿಗೆಗೆ ತಾಗಿಕೊಂಡಿತ್ತು. ಅದನ್ನು ಎರಡೂ ಕೈಯಿಂದ ತಳ್ಳಿ, ನಡುವೆ ಎರಡು ಸಲ ನಿಂತು ಉಸಿರು ಬಿಟ್ಟು, ಕಿಟಕಿಯ ಪಕ್ಕದ ಗೋಡೆಗೆ ಸೇರಿಸಿದಳು. ಅಲ್ಲಿ ಕೂತರೆ ಮುಚ್ಚಳಕ್ಕೆ ಕೈ ಎಟುಕುತ್ತಿರಲಿಲ್ಲ, ಬರೀ ಗೋಣಿ ಕಾಣುತ್ತಿತ್ತು.

ಅಮ್ಮನ ಹೊಲಿಗೆ ಡಬ್ಬಿಯಿಂದ ಟೇಪು ತಂದು ಅಳೆದಳು. ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆದಳು. ಮೇಜಿನಿಂದ ಪೆಟ್ಟಿಗೆಗೆ ಎರಡು ಮೀಟರ್ ಮೂವತ್ತೈದು ಸೆಂಟಿಮೀಟರ್.