ಹೊಸ ಕಾರ್ಪೆಟ್ಟಿನ ಹಳೆಯ ಕಾರು

"ನಾನು ಕಾರನ್ನ ನೀರಿಗೆ ಇಳಿಸಿಲ್ಲಮ್ಮಾ. ಮನೇಲಿ ಒಬ್ಬರೂ ನಂಬ್ತಿಲ್ಲ."

ಅತ್ತಿಗೆ, ನಾದಿನಿ ಇಬ್ಬರೇ ಇದ್ದ ಆ ಮನೆಯ ಬಾಗಿಲಲ್ಲಿ ನಿಂತ ನರ್ಸಿನ ದನಿಯಲ್ಲಿ ಅಳುವಿರಲಿಲ್ಲ; ಹಲ್ಲು ಕಚ್ಚಿ ಹಿಡಿದ ಸಿಟ್ಟಿತ್ತು. ಆ ಸಿಟ್ಟು ನೋಡಿಯೇ ನಾದಿನಿಗೆ ಅವಳ ಮೇಲೆ ನಂಬಿಕೆ ಹುಟ್ಟಿತು.

"ಕೂತ್ಕೋ. ಮೊದಲಿಂದ ಹೇಳು," ಎಂದರು ಅತ್ತಿಗೆ.

ವಿಮಾ ಕಂಪನಿಗಾಗಿ ಜಖಂಗೊಂಡ ಗಾಡಿಗಳನ್ನು ಪರೀಕ್ಷಿಸುತ್ತಲೇ ತಲೆ ಬೆಳ್ಳಗಾಗಿಸಿಕೊಂಡವರು ಅತ್ತಿಗೆ. ನಿವೃತ್ತಿಯ ಮೇಲೂ ಗಾಡಿಯ ಜಗಳಗಳು ಅವರ ಮನೆ ಹುಡುಕಿಕೊಂಡು ಬರುತ್ತಿದ್ದವು. ಟಾರ್ಚು ಹಿಡಿದು ಹಿಂದೆ ಹೋಗುವುದು ನಾದಿನಿಯ ಪಾಲಿನ ಕೆಲಸ.

ನರ್ಸ್ ಹೇಳಿದ್ದಿಷ್ಟು. ರೋಗಿಗಳ ಮನೆಗೇ ಹೋಗಿ ಆರೈಕೆ ಮಾಡುವ ಕೆಲಸ ಅವಳಿಗೆ ಸಿಕ್ಕಿತ್ತು. ಸ್ವಂತ ಕಾರು ಇರಲೇಬೇಕಿತ್ತು. ಗಂಡ ತಿಂಗಳುಗಟ್ಟಲೆ ಮುಖ ಊದಿಸಿಕೊಂಡಿದ್ದು, ಕೊನೆಗೆ "ಆಯ್ತು, ಆದ್ರೆ ಕಾರು ಆರಿಸೋದು ನಾನು" ಅಂದಿದ್ದ. ಅವನು ತಂದ ಹಳೆಯ ಕಾರು ಮೊದಲ ಮಳೆಗೇ ನಡುರಸ್ತೆಯಲ್ಲಿ ನಿಂತಿತು. ಒಳಗಿನ ತಂತಿಗಳೆಲ್ಲ ನೀರು ಕುಡಿದು ಕೊಳೆತಿವೆ ಎಂದರು ಗ್ಯಾರೇಜಿನವರು. ಸೇತುವೆ ಕೆಳಗಿನ ನೀರಿಗೆ ನುಗ್ಗಿಸಿ ಇವಳೇ ಕೆಡಿಸಿದಳೆಂದು ಮನೆಯವರದು ಒಂದೇ ರಾಗ.

"ಸೋಮವಾರದೊಳಗೆ ಕಾರಿಲ್ಲದಿದ್ರೆ ಕೆಲಸ ಬೇರೆಯವರಿಗೆ ಹೋಗತ್ತೆ. ಇನ್ನು ಸ್ಟಿಯರಿಂಗ್ ಮುಟ್ಟೋ ಹಾಗಿಲ್ಲ ಅಂತಿದ್ದಾರೆ."

ಸಂಜೆಯೇ ಇಬ್ಬರೂ ಅವಳ ಮನೆಗೆ ಹೋದರು. ನರ್ಸಿನ ಅತ್ತೆ ಸ್ವಾಗತಿಸಿದ್ದೇ ಹೀಗೆ: "ಸೊಸೆಗೆ ವಕೀಲರು ಬಂದ್ರಾ? ಆವತ್ತು ಕಾರನ್ನ ಕೆರೆ ಪಾಲು ಮಾಡಿ, ತಾನು ಮಾತ್ರ ಆಟೋದಲ್ಲಿ, ಬಿಳಿ ಯೂನಿಫಾರಂ ಇಸ್ತ್ರಿ ಕೂಡ ಮುರೀದ ಹಾಗೆ ಬಂದು ನಿಂತ್ಳು!"

"ಮಾರಿದವನು ನನ್ನ ಗೆಳೆಯ," ಎಂದ ಅವಳ ಮೈದುನ, ಯಾರ ಮುಖವನ್ನೂ ನೋಡದೆ. "ಅವನು ಮೋಸ ಮಾಡಲ್ಲ."

ಗಂಡ ಮೃದುವಾಗಿ ಮಾತಾಡುವ ಮನುಷ್ಯ. ಚಹಾದ ಕಪ್ಪುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ಬಿರುಕಿದ್ದ ಒಂದನ್ನು ಪಕ್ಕಕ್ಕಿಟ್ಟು, ಉಳಿದವನ್ನು ಕೊಟ್ಟ.

"ನಮ್ಮಣ್ಣ ಬಕೆಟ್ ತರೋದಕ್ಕೂ ನಾಲ್ಕು ಅಂಗಡಿ ಸುತ್ತುತ್ತಾನೆ," ಎಂದು ಮೈದುನ ನಕ್ಕ.

ಗಂಡ ನಿಟ್ಟುಸಿರಿಟ್ಟ. "ಸೀಟಿನ ಮಟ್ಟ ನೀರು ನುಗ್ಗಿದ್ರೆ ಯಾವ ಕಾರು ಉಳಿಯತ್ತೆ ಹೇಳಿ? ಹೋಗ್ಲಿ, ಇವಳನ್ನ ನಾನು ಬೈಯಲ್ಲ."

ಬೈಯದ ಆ ದೊಡ್ಡತನಕ್ಕೆ ನಾದಿನಿಯ ಮೈ ಉರಿದುಹೋಯಿತು.

ಅಂಗಳದಲ್ಲಿದ್ದ ಕಾರಿನ ಬಾಗಿಲು ತೆರೆದರೆ ಅತ್ತರಿನಂಥ ಗಾಢ ಪರಿಮಳ. ಕಾಲಡಿ ಹೊಚ್ಚ ಹೊಸ ಕಾರ್ಪೆಟ್ಟು, ಒಂದು ಕಲೆಯಿಲ್ಲ. ಅದನ್ನೆತ್ತಿದರೆ ಕೆಳಗೆ ಒಣಗಿ ಹೆಪ್ಪುಗಟ್ಟಿದ ಕೆಸರು. ಸೀಟಿನ ಬೋಲ್ಟುಗಳು ತುಕ್ಕು ತಿಂದು ಕೆಂಪಾಗಿದ್ದವು. ಅತ್ತಿಗೆ ಸೀಟ್ ಬೆಲ್ಟನ್ನು ಎಳೆದರು, ಎಳೆಯುತ್ತಲೇ ಹೋದರು. ಸೀಟಿನ ಪಕ್ಕದ ಕಂಬದೊಳಗೆ ಸುತ್ತಿಕೊಂಡಿದ್ದ ಕೊನೆಯ ಗೇಣು ಕೆಸರಿನಿಂದ ಗಟ್ಟಿಯಾಗಿತ್ತು.

"ನಾಳೆ ಬೆಳಿಗ್ಗೆ ಮಾರಿದವನನ್ನ ಕರೆಸಿ," ಎಂದರು.

ಮರುದಿನ ಎಲ್ಲರೂ ಕಾರಿನ ಸುತ್ತ ನಿಂತರು.

"ನೀರು ಸೀಟಿನವರೆಗೆ ಬಂದಿದ್ದು ನಿಜ, ಬೆಲ್ಟೇ ಹೇಳತ್ತೆ," ಎಂದು ಅತ್ತಿಗೆ ಶುರು ಮಾಡಿದರು. "ಅಷ್ಟು ನೀರಲ್ಲಿ ಕೂತು ಓಡಿಸಿದವಳು ಸೊಂಟದವರೆಗೆ ತೊಯ್ದಿರಬೇಕು. ಇಸ್ತ್ರಿ ಮುರಿದಿರಲಿಲ್ಲ ಅಂತ ಅತ್ತೆಯೇ ಸಾಕ್ಷಿ. ಕೆಸರು ಹೊಸ ಕಾರ್ಪೆಟ್ಟಿನ ಕೆಳಗಿದೆ, ಮೇಲಿಲ್ಲ. ಅಂದ್ರೆ ಕಾರು ಮುಳುಗಿದ್ದು ಈ ಮನೆಗೆ ಬರೋ ಮುಂಚೆ."

ಅತ್ತೆ ಬಗ್ಗಿ ಕಾರ್ಪೆಟ್ಟಿನ ಕೆಳಗೆ ನೋಡಿದರು. ಮೈದುನ ಗೆಳೆಯನ ಕಡೆ ತಿರುಗಿದ. "ಏನೋ, ನನಗೂ ಟೋಪಿ ಹಾಕಿದ್ಯಾ?"

"ಅವನ ಮೇಲೆ ಆಮೇಲೆ ಹಾರು," ಎಂದರು ಅತ್ತಿಗೆ. "ಕಪ್ಪಿನ ಬಿರುಕು ಹುಡುಕೋ ನಿಮ್ಮಣ್ಣ ಕಾರ್ಪೆಟ್ಟು ಎತ್ತಿ ನೋಡಲಿಲ್ಲವಾ? ಎಷ್ಟು ಎತ್ತರ ನೀರು ಅಂತ ಗ್ಯಾರೇಜಿನವರೂ ಹೇಳಿಲ್ಲ, ಇವಳೂ ಹೇಳಿಲ್ಲ. ನಾನು ಬೆಲ್ಟು ಎಳೆಯೋ ಮುಂಚೆಯೇ 'ಸೀಟಿನ ಮಟ್ಟ' ಅಂದವರು ಇವರೊಬ್ಬರೇ."

ಮಾರಿದವನು ತಲೆ ಕೆರೆದುಕೊಂಡ. "ಮುಳುಗಿದ ಗಾಡಿ ಅಂತ ಇವರಿಗೆ ಹೇಳೇ ಕೊಟ್ಟಿದ್ದು. ಕಾರ್ಪೆಟ್ಟು ಎತ್ತಿದ್ರು, ಬೆಲ್ಟೂ ಎಳೆದ್ರು. ಪಕ್ಕದಲ್ಲಿ ಒಳ್ಳೇ ಕಾರಿತ್ತು, ಅದು ಬೇಡ, ಇದೇ ಇರಲಿ ಅಂದ್ರು."

ಗಂಡ ನೋಡಬೇಕಾದ್ದನ್ನೆಲ್ಲ ನೋಡಿದ್ದ; ಕೆಟ್ಟದ್ದನ್ನು ಬಿಡುವುದಕ್ಕಲ್ಲ, ಆರಿಸುವುದಕ್ಕೆ.

"ನಿನ್ನ ಒಳ್ಳೇದಕ್ಕೇ ಕಣೇ," ಎಂದ ಗಂಡ, ಅದೇ ಮೃದು ದನಿಯಲ್ಲಿ. "ಕಾರು ಎರಡು ಸಲ ಕೈಕೊಟ್ರೆ ನೀನೇ ಕೆಲಸ ಬಿಟ್ಟು ಸುಮ್ಮನಾಗ್ತೀಯ ಅಂತ. ನಾನು ಬೇಡ ಅಂದಿದ್ರೆ ಜಗಳ ಆಗ್ತಿತ್ತು."

"ಬ್ರೇಕ್ ಕೈಕೊಟ್ಟಿದ್ರೆ?" ಎಂದಳು ನರ್ಸ್.

ಅತ್ತೆ ಸೊಸೆಯತ್ತ ಒಂದು ಹೆಜ್ಜೆ ಇಟ್ಟರು, ಅರ್ಧದಲ್ಲೇ ನಿಂತರು.

"ಹೊಸ ಕಾರ್ಪೆಟ್ಟು ಹಾಕಿ ಅತ್ತರು ಸುರಿದ ನೀನೂ ಪುಣ್ಯಾತ್ಮನಲ್ಲ," ಎಂದು ಅತ್ತಿಗೆ ಮಾರಿದವನಿಗೆ ಹೇಳಿದರು. "ಇದನ್ನ ಎಳ್ಕೊಂಡು ಹೋಗು. ಆ ಇನ್ನೊಂದನ್ನ ಇವಳಿಗೆ ತೋರಿಸು."

"ಆಯ್ತಮ್ಮಾ. ಈಗಲೇ ಹೋಗಿ ಸ್ಟಾರ್ಟ್ ಮಾಡಿ ಇಟ್ಟಿರ್ತೀನಿ."

"ಮುಟ್ಟಬೇಡ," ಎಂದಳು ನರ್ಸ್. "ಬಿಸಿ ಇಂಜಿನ್ನು ತನ್ನ ನಿಜ ಬಣ್ಣ ಮುಚ್ಚಿಡತ್ತೆ. ತಣ್ಣಗಿದ್ದಾಗಲೇ ಅದು ಹೇಗೆ ಎದ್ದೇಳತ್ತೆ, ಎಂಥ ಹೊಗೆ ಬಿಡತ್ತೆ, ನಾನು ನೋಡ್ಬೇಕು."

ಅತ್ತಿಗೆ ಹುಬ್ಬೇರಿಸಿದರು. "ಯಾರು ಹೇಳಿಕೊಟ್ರು?"

"ಕಾರು ತರೋ ಮುಂಚೆ ನಾನೇ ಓದಿಟ್ಟುಕೊಂಡಿದ್ದೆ. ನೋಡೋಕೆ ಬರ್ತೀನಿ ಅಂದಾಗ ನಿನಗೇನು ಗೊತ್ತಾಗತ್ತೆ ಅಂದ್ರು ಇವರು."

ಗಂಡ "ನಾನೂ ಬರ್ತೀನಿ" ಎಂದು ಚಪ್ಪಲಿ ಹುಡುಕಿದ. ಅವಳು ತಿರುಗಿ ನೋಡಲಿಲ್ಲ.

ಮಾರಿದವನ ಅಂಗಳದಲ್ಲಿ ನಾದಿನಿ ಟಾರ್ಚು ಹಿಡಿದಳು. ನರ್ಸ್ ಮಂಡಿಯೂರಿ ಕಾರ್ಪೆಟ್ಟು ಎತ್ತಿದಳು, ಬೆಲ್ಟನ್ನು ಕೊನೆಯ ಗೇಣಿನವರೆಗೂ ಎಳೆದಳು. ಬಿಳಿ ಯೂನಿಫಾರಮ್ಮಿನ ಮಂಡಿಗೆ ಗ್ರೀಸು ಮೆತ್ತಿತು. ಕೊನೆಗೆ ಎದ್ದು ಬಾನೆಟ್ಟಿನ ಮೇಲೆ ಅಂಗೈ ಒತ್ತಿದಳು.

ಬಾನೆಟ್ಟು ತಣ್ಣಗಿತ್ತು. ಅವಳು ತಣ್ಣಗಾಗಿರಲಿಲ್ಲ. ಕೀಲಿಗಾಗಿ ಕೈ ಚಾಚಿದಳು.