ಅರ್ಧ ಗುಳಿಗೆಯ ಕಂಪೌಂಡರ್

"ಇದೇನ್ರಿ ಇದು?"

ಪೊಟ್ಟಣ ದವಾಖಾನೆಯ ಕಿಟಕಿಕಟ್ಟೆಗೆ ಬಡಿಯಿತು. ಕಾಗದ ಬಿಚ್ಚಿಕೊಂಡು ಮೂರು ಅರ್ಧ ಗುಳಿಗೆಗಳು ಹೊರಬಿದ್ದವು.

ಒಳಗೆ ಕುಳಿತಿದ್ದ ಕಂಪೌಂಡರ್ ಪರಮಾನಂದ ತಲೆಯೆತ್ತಿದ. ಕಿಟಕಿಯಾಚೆ ಶೇವಂತಿ ನಿಂತಿದ್ದಳು. ಊರಂಚಿನ ಕುರಿಗಾರ ಅಮಸಿದ್ದಪ್ಪನ ಮಗಳು. ಕಣ್ಣು ಕೆಂಪಗಾಗಿದ್ದವು.

"ಗುಳಿಗಿರಿ," ಎಂದ ಅವನು ಮೆಲ್ಲಗೆ.

"ಗುಳಿಗಿ ಅಂತ ನನಗೂ ಗೊತ್ತೈತಿ. ಅರ್ಧ ಯಾಕದಾವ?"

"ಇವತ್ತಿಂದ ಅರ್ಧಾನ. ಈ ವಾರ ಅರ್ಧ, ಮುಂದಿನ ವಾರ ಕಾಲು, ಆಮ್ಯಾಲ ಬಂದ್. ಡಾಕ್ಟರ್ ಸಾಹೇಬ್ರು ಬರದಾರ."

"ಎರಡ ವಾರ ತಗೊಂಡ್ರ ಸಾಕು ಅಂದಿದ್ರಿ. ಮೂರು ಆತು. ಈಗ ಮತ್ತ ಎರಡ ಅಂತೀರಿ. ಮೂರ ದಿನಕ್ಕೊಮ್ಮೆ ನಾನ ಬರಬೇಕು, ಅಣ್ಣನ್ನ ಕಳಿಸಿದ್ರ ಕೊಡೂದಿಲ್ಲ. ಮಂದಿ ಏನಂತಾರ ಗೊತ್ತೈತೇನ್ರಿ? ಕಂಪೌಂಡರ್ ಮೂರ ಮೂರ ಗುಳಿಗಿ ಕೊಟ್ಟು ಹುಡುಗೀನ ಕಿಟಕಿಗೆ ಕಟ್ಟಿ ಹಾಕ್ಯಾನ ಅಂತಾರ."

ಹಿಂದೆ ಸಾಲಿನಲ್ಲಿದ್ದವರ ಕೆಮ್ಮು, ನರಳಾಟ ಎಲ್ಲ ಒಮ್ಮೆಲೇ ನಿಂತವು. ಜಮಖಂಡಿಯ ಜನರಿಗೆ ಮಂದಿಯ ಜಗಳ ಕಂಡರೆ ಅರ್ಧ ಬೇನೆ ಅಲ್ಲೇ ವಾಸಿ!

ಪರಮಾನಂದನ ಕಿವಿ ಕೆಂಪಾದವು. ಸಾಲಿನತ್ತ ಒಮ್ಮೆ ಕಣ್ಣು ಹಾಯಿಸಿದ. ಆಮೇಲೆ ಎಂದಿನಂತೆ ಅವಳ ಬೆರಳುಗಳನ್ನೇ ನೋಡಿದ. ಪ್ರತಿ ಸಲವೂ ಹೀಗೆಯೇ... ಮೊದಲು ಕೈ, ಆಮೇಲೆ ಕಣ್ಣು.

ಶೇವಂತಿ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. 'ನಾಚಿಕಿ ಅನ್ನೂದ ಇಲ್ಲ ಇವ್ನಿಗೆ,' ಎಂದುಕೊಂಡು ಪೊಟ್ಟಣ ಬಾಚಿಕೊಂಡು ಹೊರಟೇಬಿಟ್ಟಳು.

ಅವಳ ಸಿಟ್ಟಿಗೆ ಕಾರಣವಿತ್ತು. ಮುಧೋಳದ ಕಡೆಯ ಒಬ್ಬನೊಂದಿಗೆ ನಿಶ್ಚಯವಾಗಿ, ಲಗ್ನಪತ್ರ ಅಚ್ಚಾಗಿ, ಊರಿಗೆಲ್ಲ ಅಕ್ಷತೆ ಹಂಚಿದ ಮೇಲೆ ಆ ಮಹಾರಾಯ ತೇರದಾಳದಲ್ಲಿ ಬೇರೊಬ್ಬಳಿಗೆ ತಾಳಿ ಕಟ್ಟಿ ಬಂದಿದ್ದ. ಗಂಡಸಿಗೆ ಅದು ನಾಲ್ಕು ದಿನದ ಸುದ್ದಿ. ಹೆಣ್ಣಿಗೆ? ಹನ್ನೊಂದು ರಾತ್ರಿ ಶೇವಂತಿ ರೆಪ್ಪೆಗೆ ರೆಪ್ಪೆ ಹಚ್ಚಲಿಲ್ಲ. ಹನ್ನೆರಡನೆಯ ದಿನ ಅಪ್ಪ ಅವಳನ್ನು ಡಾಕ್ಟರ್ ಪೋತದಾರರ ದವಾಖಾನೆಗೆ ಕರೆತಂದ. ಅವರು ನಿದ್ದೆಯ ಗುಳಿಗೆ ಬರೆದರು. ನಿದ್ದೆ ಬಂತು. ಅನ್ನ ಸೇರಿತು. ಜಮಖಂಡಿ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದು ಐದು ವರ್ಷವಾಗಿದ್ದರೂ, ನಿದ್ದೆಗೆ ಗುಳಿಗೆ ನುಂಗುವ ಹುಡುಗಿ ಎಂದರೆ ಓಣಿಯವರ ಪಾಲಿಗೆ ಹುಚ್ಚಿಯೇ.

ಮನೆಯಲ್ಲಿ ಸೋದರತ್ತೆ ಯಲ್ಲಕ್ಕ ಕಾಯುತ್ತಿದ್ದಳು. ತಾಯಿಯಿಲ್ಲದ ಆ ಮನೆಯಲ್ಲಿ ಅವಳ ಮಾತೇ ಕಡೆಯ ಮಾತು.

"ಮತ್ತ ತಂದಿಯೇನು ಆ ಅಮಲಿನ ಗುಳಿಗಿ? ಬೀರಪ್ಪನ ಒಕ್ಕಲು ನಾವು. ದೇವರ ಜಗಲಿ ಮುಂದ ಅಮಲ ಏರಿಸ್ಕೊಂಡು ಮಲಗತಿ. ಬಿಟ್ಟಬಿಡು ಇವತ್ತ."

"ಬಿಡ್ತೀನಿ ಅತ್ತಿ."

"ಬಾಯಿ ಮಾತು ಬ್ಯಾಡ."

ಯಲ್ಲಕ್ಕ ಜಗಲಿಯ ಮೇಲಿದ್ದ ಭಂಡಾರದ ಚೀಲ ತಂದು ಅವಳ ಅಂಗೈಗೆ ಅರಿಸಿನಪುಡಿ ಸುರಿದಳು. ಮನೆದೇವರು ಬೀರಪ್ಪನ ಭಂಡಾರ ಮುಟ್ಟಿ ಆಡಿದ ಮಾತನ್ನು ಅವರ ಕುಲದಲ್ಲಿ ಯಾರೂ ಮುರಿದದ್ದಿಲ್ಲ. ಶೇವಂತಿ ಹಿಂದೆಮುಂದೆ ನೋಡಲಿಲ್ಲ. ಆ ಸಿಟ್ಟಿನಲ್ಲಿ ಅವಳು ಯಾವ ಆಣೆಯನ್ನಾದರೂ ಮಾಡುತ್ತಿದ್ದಳು.

"ಇವತ್ತಿಂದ ಆ ಗುಳಿಗಿ ಮುಟ್ಟೂದಿಲ್ಲ."

ಮೂರೂ ಚೂರುಗಳು ಹಿತ್ತಲಿನ ಜಾಲಿಬೇಲಿಯ ಪಾಲಾದವು.

ಎರಡನೆಯ ದಿನ ಎದೆ ವಿನಾಕಾರಣ ಡವಗುಟ್ಟಿತು. ಪಾತ್ರೆ ಬಿದ್ದ ಸದ್ದಿಗೆ ಬೆಚ್ಚಿಬಿದ್ದಳು. ಮೂರನೆಯ ದಿನ ಉಣ್ಣೆ ನೂಲಲು ಕುಳಿತರೆ ಕೈ ನಡುಗಿ ಎಳೆ ನಿಲ್ಲಲೇ ಇಲ್ಲ. ಮೈಯೆಲ್ಲ ಬೆವರು. ನಿದ್ದೆಯಂತೂ ಮೊದಲಿಗಿಂತ ದೂರ ಹೋಗಿತ್ತು.

'ಖರೇನ ಹುಚ್ಚ ಹಿಡೀತೇನು ನನಗ? ಮಂದಿ ಅಂದಿದ್ದ ಖರೆ ಆತೇನು?'

ಯಾರಿಗೂ ಹೇಳಲಿಲ್ಲ. ಹೇಳಿದರೆ ಯಲ್ಲಕ್ಕ ದೆವ್ವ ಬಿಡಿಸುವವನನ್ನು ಕರೆಸುತ್ತಾಳೆಂದು ಅವಳಿಗೆ ಗೊತ್ತಿತ್ತು.

ನಾಲ್ಕನೆಯ ದಿನ ಮಟಮಟ ಮಧ್ಯಾಹ್ನ ಅಂಗಳದಲ್ಲಿ ಸೈಕಲ್ ನಿಂತಿತು. ಪರಮಾನಂದ! ಮದುವೆಯಾಗದ ಹುಡುಗಿಯ ಮನೆಗೆ ಕರೆಯದೇ ಬಂದ ಗಂಡಸು. ಓಣಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ಅಣ್ಣ ಸಿದರಾಯ ಕೋಲು ಹಿಡಿದೇ ಎದುರು ಬಂದ.

"ಏನ ಕೆಲಸ ಇಲ್ಲಿ?"

"ನಿಮ್ಮ ತಂಗಿ ನಿನ್ನಿ ಬರಬೇಕಿತ್ತು, ಬರಲಿಲ್ಲ. ಗುಳಿಗಿ ತಗೊಳ್ಳಾಕತ್ತಾರೋ ಇಲ್ಲೋ?"

"ಬಿಟ್ಟೀನಿ," ಎಂದಳು ಶೇವಂತಿ ಹೊಸ್ತಿಲಲ್ಲಿ ನಿಂತು. "ನಾಕ ದಿನ ಆತು. ನಿಮ್ಮ ಕಿಟಕಿ ಋಣ ಮುಗೀತು."

ಅವನು ಅವಳ ಕೈ ನೋಡಿದ. ಬಾಗಿಲ ಚೌಕಟ್ಟು ಹಿಡಿದಿದ್ದ ಬೆರಳುಗಳು ಒಂದೇ ಸಮನೆ ನಡುಗುತ್ತಿದ್ದವು. ನೊಣಕ್ಕೂ ಗದರದ ಆ ಮನುಷ್ಯನಿಗೆ ಎಲ್ಲಿತ್ತೋ ಆ ಸಿಟ್ಟು!

"ಯಾರು ಹೇಳಿದ್ರು ನಿಮಗ, ಒಮ್ಮೆಲೇ ಬಿಡ್ರಿ ಅಂತ? ಆ ಗುಳಿಗಿ ಮೈಗೆ ರೂಢಿ ಆಗಿರ್ತೈತಿ. ಥಟ್ಟನ ಬಿಟ್ರ ಮೈ ನಡಗತೈತಿ, ನಿದ್ದಿ ಹಾರತೈತಿ. ಒಬ್ಬೊಬ್ರಿಗೆ ಫಿಟ್ಸ ಬರ್ತಾವ. ಸ್ವಲ್ಪ ಸ್ವಲ್ಪ ಇಳಿಸಿ ಬಿಡಬೇಕು. ಅದಕ್ಕ ಕತ್ತರಿಸಿ ಕೊಟ್ಟಿದ್ನಿ. ಅದಕ್ಕ ನಿಮ್ಮ ಕೈ ನೋಡ್ತಿದ್ನಿ, ನಡಗತಾವೇನು ಅಂತ. ನಾ ಏನ ಕಳ್ಳ ಅಲ್ಲ."

"ಹಂಗಿದ್ರ ಅವತ್ತ ಬಾಯಿ ಯಾಕ ಬಿಡಲಿಲ್ಲ?" ಅವಳೂ ಬಿಡಲಿಲ್ಲ. "ಹೇಳಿದ್ರ ನಿಮ್ಮ ಗಂಟೇನ ಹೋಗ್ತಿತ್ತು? ನಾಕ ದಿನ ನನಗ ಹುಚ್ಚ ಹಿಡೀತು ಅಂತ ಸಾಯಾಕತ್ತೇನಿ ನಾನು."

ಆ ಮಾತು ಅವನನ್ನು ತಡೆದು ನಿಲ್ಲಿಸಿತು. ದನಿ ಇಳಿಯಿತು.

"ಹೇಳಬೇಕಿತ್ತು. ತಪ್ಪ ನಂದು. ಅಷ್ಟ ಮಂದಿ ಮುಂದ ಬಾಯಿ ಬರಲಿಲ್ಲ..." ಸೈಕಲ್ಲನ್ನು ಗೋಡೆಗೆ ಆನಿಸಿದ. "ಬೀಳಗಿಯೊಳಗ ನಮ್ಮ ಅವ್ವನೂ ಹಿಂಗ ಬಿಟ್ಲು, ಯಾರೋ ಹೇಳಿದ್ರಂತ. ಫಿಟ್ಸ ಬಂದು ಒಲಿ ಮ್ಯಾಲ ಬಿದ್ಲು. ಉಳೀಲಿಲ್ಲ. ಆಕಿ ವರ್ಷಗಟ್ಟಲೆ ತಗೊಂಡಿದ್ಲು, ನಿಮ್ದು ಮೂರ ವಾರ. ಹಂಗ ಆಗಲಿಕ್ಕಿಲ್ಲ. ಆದ್ರ ಅದನ್ನ ಡಾಕ್ಟರ್ ನೋಡಿ ಹೇಳಬೇಕು. ಈಗ ಬರ್ರಿ."

ಯಲ್ಲಕ್ಕ ಅಡ್ಡ ಬಂದಳು. "ಭಂಡಾರ ಮುಟ್ಟ್ಯಾಳ ಆಕಿ. ಆಣಿ ಮುರಿದ್ರ ಮನಿತನಕ್ಕ ದೋಷ ಬರ್ತೈತಿ."

ಶೇವಂತಿ ಹೊಸ್ತಿಲು ದಾಟಲಿಲ್ಲ. ನಡುಗುತ್ತಾ ಸತ್ತರೂ ಸರಿ, ದೇವರ ಮಾತು ಮುರಿಯುವುದು ಹೇಗೆ?

ಪರಮಾನಂದ ಚಪ್ಪಲಿ ಕಳಚಿದ. ನೇರ ಜಗಲಿಯ ಮುಂದೆ ಹೋಗಿ ಮಂಡಿಯೂರಿ ಭಂಡಾರದ ಚೀಲಕ್ಕೆ ಕೈ ಹಾಕಿದ.

"ನಾನೂ ಬೀರಪ್ಪನ ಒಕ್ಕಲ. ಈಕಿ ಆಣಿ ಮುರಿದ ದೋಷ ನನಗ ಬರ್ಲಿ. ನನ್ನ ಮನಿಗೆ, ನನ್ನ ತಲಿಗೆ ಬರ್ಲಿ."

ಶೇವಂತಿಯ ಕಣ್ಣು ತುಂಬಿ ಬಂದವು. ಲಗ್ನಪತ್ರ ಅಚ್ಚು ಹಾಕಿಸಿದವನು ಅವಳಿಗಾಗಿ ಒಂದು ಮಾತೂ ಹೊರಲಿಲ್ಲ. ಯಾರೂ ಅಲ್ಲದ ಇವನು ದೇವರ ದೋಷವನ್ನೇ ಹೊತ್ತುಕೊಂಡ. ಅದಕ್ಕೂ ಅವಳಿಗೆ ಸಿಟ್ಟು ಬಂತು. ಇಷ್ಟು ದಿನ ಇವನ ಮೇಲೆ ಸುಮ್ಮಸುಮ್ಮನೆ ಉರಿದುಬಿದ್ದೆನಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

ಅಷ್ಟರಲ್ಲಿ ಕುರಿಹಟ್ಟಿಯಿಂದ ಬಂದು ಹಿಂದೆ ನಿಂತಿದ್ದ ಅಮಸಿದ್ದಪ್ಪ ಬಾಯಿ ತೆರೆದ.

"ಯಲ್ಲಿ, ಕುರಿಮರಿಗೆ ಹಾಲ ಹೆಂಗ ಬಿಡಸ್ತೀವಿ ನಾವು?"

"ಹೆಂಗ ಅಂದ್ರ... ಮೊದಲ ಒಪ್ಪತ್ತು ಬ್ಯಾರೆ ಕಟ್ತೀವಿ. ಆಮ್ಯಾಲ ಇಡೀ ದಿನ."

"ಒಮ್ಮೆಲೇ ಬಿಡಸಿದ್ರ?"

"ಮರಿ ಸೊರಗತೈತಿ," ಎಂದವಳೇ ಯಲ್ಲಕ್ಕ ಶೇವಂತಿಯ ನಡುಗುವ ಕೈ ನೋಡಿ ಗೊಳೋ ಎಂದು ಅತ್ತಳು. "ಮರಿಗೆ ಇದ್ದ ಬುದ್ಧಿ ನನಗ ಇರಲಿಲ್ಲೋ ಯಣ್ಣಾ..."

"ಸಿದರಾಯ, ಗಾಡಿ ಹೂಡು," ಎಂದ ಅಮಸಿದ್ದಪ್ಪ.

ಡಾಕ್ಟರ್ ಪೋತದಾರರು ನಾಡಿ ಹಿಡಿದು, ಕಣ್ಣು ನೋಡಿ, ಮೊದಲು ಎಲ್ಲರಿಗೂ ಬೈದರು. ಕಂಪೌಂಡರನಿಗೆ ಜಾಸ್ತಿ ಬೈದರು, ಯಾಕೆಂದು ತಿಳಿಸಿ ಹೇಳದೆ ಔಷಧ ಕೊಟ್ಟಿದ್ದಕ್ಕೆ. ಆಮೇಲೆ ಶೇವಂತಿಯ ಕಡೆ ತಿರುಗಿ, "ಹುಚ್ಚೂ ಇಲ್ಲ, ದೆವ್ವವೂ ಇಲ್ಲವ್ವ. ಮತ್ತ ಶುರು ಮಾಡಿ ಈ ಸಲ ಇನ್ನೂ ನಿಧಾನ ಇಳಸೂಣು. ಇಳಸಿದಾಗೊಮ್ಮೆ ಒಂದೆರಡು ರಾತ್ರಿ ನಿದ್ದಿ ಕಡಿಮಿ ಆದೀತು, ಹೆದರಬ್ಯಾಡ. ಅದು ಹೋಗತೈತಿ. ಕೈ ನಡುಕ ಹೆಚ್ಚಾದ್ರ ನನ್ನ ಕಡೆ ಬಾ, ನಿನ್ನಷ್ಟಕ್ಕ ನೀನ ಗುಳಿಗಿ ಹೆಚ್ಚಿಗಿ ನುಂಗಬ್ಯಾಡ, ಬಿಡಲೂ ಬ್ಯಾಡ," ಎಂದರು.

ಅವರು ಹೇಳಿದ ಹಾಗೆಯೇ ಆಯಿತು. ಅರ್ಧ ಎರಡು ವಾರ. ಕಾಲು ಎರಡು ವಾರ. ಆಮೇಲೆ ದಿನ ಬಿಟ್ಟು ದಿನ. ಕೆಟ್ಟ ರಾತ್ರಿಗಳೂ ಬಂದವು. ಅಂಥ ಮಾರನೆಯ ದಿನ ಶೇವಂತಿ ಸಿಡುಕುತ್ತಲೇ ಕಿಟಕಿಗೆ ಬರುತ್ತಿದ್ದಳು. ಪರಮಾನಂದ ಬಿಳಿ ಪಿಂಗಾಣಿ ಹಲಗೆಯ ಮೇಲೆ ಬ್ಲೇಡಿನಿಂದ ಗುಳಿಗೆ ಕತ್ತರಿಸುತ್ತ, ಯಾವ ತುಂಡು ಯಾವ ದಿನಕ್ಕೆ ಎಂದು ಬಿಡಿಸಿ ಬಿಡಿಸಿ ಹೇಳುತ್ತಿದ್ದ. ಹಿಂದಿನವರಿಗೂ ಕೇಳುವ ಹಾಗೆ ಹೇಳುತ್ತಿದ್ದ.

ಗುಳಿಗೆ ಪೂರ್ತಿ ನಿಂತು ಹದಿನೈದು ದಿನವಾದ ಮೇಲೆ, ದವಾಖಾನೆ ಖಾಲಿಯಿದ್ದ ಹೊತ್ತು ನೋಡಿ ಶೇವಂತಿ ಬಂದಳು.

"ನಿದ್ದಿ ಹೆಂಗೈತ್ರಿ?"

"ಬರಾಕತ್ತೈತಿ. ಗುಳಿಗಿ ಇಲ್ದನ." ಅವಳು ಕಟ್ಟೆಯ ಮೇಲೆ ಎರಡೂ ಕೈ ಇಟ್ಟಳು. ಬೆರಳುಗಳು ಅಲುಗಲಿಲ್ಲ. "ಒಂದ ಮಾತ ಕೇಳ್ತೀನಿ, ಖರೆ ಹೇಳ್ರಿ. ಗುಳಿಗಿ ಮೂರ ದಿನಕ್ಕೊಮ್ಮೆ ಅಂತ ಡಾಕ್ಟರ್ ಹೇಳಿದ್ರು, ಒಪ್ಪಿದ್ನಿ. ಅಣ್ಣನ ಕೈಯಾಗ ಕೊಡಬ್ಯಾಡ ಅಂತನೂ ಅವ್ರ ಹೇಳಿದ್ರೇನು?"

ಪರಮಾನಂದನ ಕಿವಿ ಮತ್ತೆ ಕೆಂಪಾದವು.

"ಗುಳಿಗಿ ಯಾರ ಕೈಯಾಗರ ಕೊಡು, ವಾರಕ್ಕೊಮ್ಮೆ ನಿಮ್ಮ ಕೈ ನೋಡಿದ್ರ ಸಾಕು ಅಂದಿದ್ರು."

"ಮತ್ತ?"

"ಉಳಿದದ್ದು... ನಂದ. ನೀವು ಬರಲಿಲ್ಲಂದ್ರ ಆ ದಿನ ಹೋಗ್ತಿರಲಿಲ್ಲ."

ಓಣಿಯವರು ಆಡಿದ್ದು ಪೂರ್ತಿ ಸುಳ್ಳಲ್ಲ! ಶೇವಂತಿಯ ಬಾಯಿಗೆ ಬಂದ ಬೈಗುಳ ಯಾಕೋ ತುಟಿಯಲ್ಲೇ ನಿಂತಿತು.

"ನಿಮ್ಮ ಮ್ಯಾಲ ನನಗ ಭಾಳ ಸಿಟ್ಟೈತಿ," ಎಂದಳು.

"ಇರ್ಲಿರಿ. ಎಷ್ಟ ದಿನ ಇರ್ತೈತಿ?"

"ಗೊತ್ತಿಲ್ಲ. ಮನಿಗೆ ಬಂದು ಕೇಳ್ರಿ."

ಅವನು ಬ್ಲೇಡು ಕೆಳಗಿಟ್ಟ.

"ಯಾವಾಗ ಬರ್ಲಿ?"

ಶೇವಂತಿ ಸೆರಗು ಸರಿಪಡಿಸಿಕೊಂಡು ಮೆಟ್ಟಿಲಿಳಿದಳು. ಇಳಿದು, ತಿರುಗಿ ನೋಡಿದಳು.

"ಅಪ್ಪ ಮನಿಯಾಗ ಇದ್ದಾಗ."