ಕಲ್ಲೇಣಿ ಅರಮನೆಯ ಬರಿ ತೊಟ್ಟಿಲು

ಏಳು ಬೆಟ್ಟದಾಚೆ, ಗಿಳಿಗಳೂ ದಾರಿ ಕೇಳಿಕೊಂಡು ಹಾರುತ್ತಿದ್ದ ಕಾಲದಲ್ಲಿ, ಕಲ್ಲೇಣಿ ಎಂಬ ರಾಜ್ಯವಿತ್ತು. ಅಲ್ಲಿನ ರಾಜ ಮಕ್ಕಳಿಲ್ಲದೆ ಸತ್ತ. ಬೀಗ ಬಿದ್ದ ಅರಮನೆಯನ್ನು ಜಡಭೃಂಗನೆಂಬ ಮಾಂತ್ರಿಕ ಹಿಡಿದ. ಊರೂರಿನ ಬೀಸುಕಲ್ಲು, ಚೊಂಬು, ತೊಟ್ಟಿಲು ತಂದು ಜೋಡಿಸಿ, "ನಿಮ್ಮ ಹಿರಿಯರ ಬದುಕು ನೋಡಬನ್ನಿ" ಎಂದು ಡಂಗುರ ಸಾರಿಸಿದ. ಜನ ಹೋದರು. ಹೋದವರು ಬರಲಿಲ್ಲ.

ಹುಣಸೆಹಟ್ಟಿಯ ಪುಟ್ಟೀರಮ್ಮನೂ ಹೋದಳು. ಆರು ತಿಂಗಳ ಕೂಸನ್ನು ತಮ್ಮ ಕಾಟಣ್ಣನ ಕೈಗಿಟ್ಟು, "ಹಾಲು ಕುಡಿಸೋ ಹೊತ್ತಿಗೆ ಬಂದೆ" ಎಂದು ಹೋದವಳು ಮರುದಿನವಾದರೂ ಬರಲಿಲ್ಲ. ಕೂಸು ಮೇಕೆ ಹಾಲು ಉಗಿಯಿತು, ಹಸುವಿನ ಹಾಲೂ ಉಗಿಯಿತು. ಅತ್ತೂ ಅತ್ತೂ ಅದರ ದನಿ ಸಣ್ಣಗಾಯಿತು.

ಕಾಟಣ್ಣನೇನು ಸಾಮಾನ್ಯನೇ? ಹನ್ನೆರಡು ಹಳ್ಳಿಯ ಪೈಲ್ವಾನರಿಗೆ ಮಣ್ಣು ಮುಕ್ಕಿಸಿದ ಗಂಡು! ಕೂಸನ್ನು ಬೆನ್ನಿಗೆ ಕಟ್ಟಿ, ಹುರಿಗಾಳು ಬೆಲ್ಲ ಸೊಂಟಕ್ಕೆ ಸಿಕ್ಕಿಸಿ ಹೊರಟೇಬಿಟ್ಟ.

ಅರಮನೆಯ ಬಾಗಿಲಲ್ಲಿ ಹುಲ್ಲು ತುಂಬಿದ ಹುಲಿ ಕೂತಿತ್ತು. ಅವನನ್ನು ಒಳಗೆ ಬಿಟ್ಟು, ಎದ್ದು ಬಾಗಿಲಿಗೆ ಅಡ್ಡ ಮಲಗಿತು. ಒಳಗೆ ಸಾಲು ಸಾಲು ಮರದ ಗೊಂಬೆಗಳು. ಒಂದರ ಕೈಯಲ್ಲಿ ಬರಿ ಚೊಂಬು, ಕೊರಳಲ್ಲಿ 'ನೀರು ಕೊಡುವ ಹೆಂಗಸು' ಎಂಬ ಹಲಗೆ. ಮುಖ ನೋಡಿದರೆ ಅಕ್ಕ!

"ನನ್ನಕ್ಕನ್ನ ಬಿಡೋ, ಮುದಿಗೂಬೆ!" ಎಂದು ಕಾಟಣ್ಣ ಗುಡುಗಿದ.

ಗೊಂಬೆಗಳ ಸಾಲಿನ ಹಿಂದಿನಿಂದ ಬಂದ ಜಡಭೃಂಗ ಮೆಲ್ಲಗೆ ನಕ್ಕ. "ಮೂರು ಸಾಮಾನು ಬಳಸಿ ತೋರಿಸು, ಬಿಡ್ತೀನಿ. ತಪ್ಪಿದರೆ ನಿನಗೂ ಒಂದು ಹಲಗೆ ಬರೆದಿಟ್ಟಿದ್ದೀನಿ."

ಮೊದಲು ಬೀಸುಕಲ್ಲು. "ಬೀಸು" ಎಂದ. ಕಾಟಣ್ಣ ಗೂಟ ಹಿಡಿದ. ಹಿಡಿದೊಡನೆ ಬೆರಳು ಮರವಾಗತೊಡಗಿದವು. ಬರಿಗಲ್ಲು ತಿರುಗಿಸಬಾರದೆಂದು ಅಜ್ಜಿ ಬೆನ್ನಿಗೆ ಗುದ್ದಿ ಹೇಳಿದ್ದು ನೆನಪಾಯಿತು. ಹಿಡಿ ಹುರಿಗಾಳು ಸುರಿದು ತಿರುಗಿಸಿದ. ಬೆರಳು ಮತ್ತೆ ಸಡಿಲವಾದವು.

ಎರಡನೆಯದು ಚೊಂಬು. "ದಣಿದಿದ್ದೀಯ, ನೀರು ಕುಡಿ. ಕುಡಿದು ಚೊಂಬು ಕೊಡು." ಕಾಟಣ್ಣ ಗಟಗಟ ಕುಡಿದು ಕೈ ಚಾಚಿದ. ಎದುರಿಗೆ ಅಕ್ಕನೂ ಹಾಗೆಯೇ ಕೈ ಚಾಚಿದ್ದಳು! ಕೂಸಿನ ಅವಸರದಲ್ಲಿ, ಪಾಪ, ಪಾತ್ರೆಯನ್ನು ಬರಿದಾಗಿಯೇ ಹಿಂದಿರುಗಿಸಲು ಹೋಗಿದ್ದಳು. ಕಾಟಣ್ಣ ಚೊಂಬಿಗೆ ಬೆಲ್ಲದ ತುಣುಕು ಹಾಕಿ ಕೊಟ್ಟ. ಮಾಂತ್ರಿಕ ಹಲ್ಲು ಕಡಿದ.

ಮೂರನೆಯದು ತೊಟ್ಟಿಲು. "ನೂರು ತೂಗು ತೂಗು."

ಬರಿ ತೊಟ್ಟಿಲು ತೂಗುವ ಹಾಗಿಲ್ಲ. ಹಾಕಲು ಬೆನ್ನ ಮೇಲಿನ ಕೂಸೊಂದೇ.

"ಹಾಕು, ಹಾಕು," ಎಂದ ಜಡಭೃಂಗ. "ಅದರಲ್ಲಿ ನಿದ್ದೆ ಹೋದ ಕೂಸು ಮರವಾಗುತ್ತೆ, ಅಷ್ಟೇ."

ಹುಲಿ ಎದ್ದು ಹಿಂದೆ ನಿಂತಿತು. ಕಾಟಣ್ಣ ಬೆನ್ನಿನ ಗಂಟು ಬಿಚ್ಚಿದ. ಕೂಸನ್ನು ಮಲಗಿಸಿ ತೂಗಿದ. ಹತ್ತು ತೂಗಿಗೆ ಅಳು ನಿಂತಿತು. ಇಪ್ಪತ್ತಕ್ಕೆ ರೆಪ್ಪೆ ಬಾಗಿತು. ಮೂವತ್ತಕ್ಕೆ ಕಾಲಿನ ಪುಟ್ಟ ಹೆಬ್ಬೆರಳು ಮರವಾಯಿತು, ಆಮೇಲೆ ಪಾದ, ಆಮೇಲೆ ಮೊಣಕಾಲು.

ಕಾಟಣ್ಣ ತೊಟ್ಟಿಲಿಗೆ ಬಗ್ಗಿ, ಎತ್ತು ಅಟ್ಟುವ ಕೂಗು ಹಾಕಿದ: "ಹೋಯ್! ಹೊಡಿಯೋ! ಹೇಯ್!"

ಕೂಸು ಬೆಚ್ಚಿ ಎದ್ದು, ಅರಮನೆಯ ಹೆಂಚು ಹಾರುವಂತೆ ಅತ್ತಿತು.

ಆ ಅಳು ಅಕ್ಕನ ಮರದೆದೆಗೆ ತಾಗಿತು. ಮರ ಒದ್ದೆಯಾಯಿತು. ಹಾಲು ಜಿನುಗಿತು. ಹಾಲು ಹರಿದಲ್ಲೆಲ್ಲ ಮರ ಬಿರಿದು ಮೈ ಬಂತು.

"ಲೋ ಕಾಟ! ಕೂಸಿನ ಕಿವೀಲಿ ಹಂಗಾ ಅರಚೋದು, ಕತ್ತೆ!"

ಜಡಭೃಂಗನ ಮಂತ್ರಕ್ಕೆ ಮೌನವೇ ಬೇರು. ಒಂದು ಗೊಂಬೆ ಮಾತಾಡಿದರೆ ಮುಗಿಯಿತು. "ಸುಮ್ಮನಿರೇ..." ಎನ್ನುತ್ತಿದ್ದ ಹಾಗೇ ಅವನ ನಾಲಗೆ ಮರವಾಯಿತು, ಆಮೇಲೆ ಮೈಯೆಲ್ಲ. ಹುಲಿ ಹುಲ್ಲಿನ ಕಂತೆಯಾಗಿ ಬಿತ್ತು. ಸಾಲು ಸಾಲು ಗೊಂಬೆಗಳು ಆಕಳಿಸಿ, ಮೈ ಮುರಿದು, ಮನೆಯವರ ಹೆಸರು ಕೂಗುತ್ತಾ ಓಡಿದವು.

ಅಕ್ಕ ಅಲ್ಲೇ ಕೂತು ಕೂಸಿಗೆ ಹಾಲೂಡಿದಳು. ಗುಟುಕಿಗೊಂದು ಬೆರಳಂತೆ ಕಾಲೆಲ್ಲ ಮೆತ್ತಗಾಯಿತು.

ಆ ಅರಮನೆಗೆ ಜನ ಈಗಲೂ ಹೋಗುತ್ತಾರೆ. ನೋಡಿ ಬರುವುದಲ್ಲ, ರಾಗಿ ಬೀಸಿಕೊಂಡು, ಮಗು ಮಲಗಿಸಿಕೊಂಡು ಬರುತ್ತಾರೆ. ಕಲ್ಲೇಣಿಯವರು ಉಂಡು ನಕ್ಕು ಸುಖವಾಗಿದ್ದಾರೆ. ತೊಟ್ಟಿಲ ಮುಂದೆ ಮಾತ್ರ ದಿನಾ ಜಗಳ, ಸರದಿ ಯಾರದೆಂದು.